ತೊಡರು

ಹಾಸನದ ಡೀಸಿ ಆಫೀಸಿನ ಕಾಂಪೌಂಡಿಗೆ ಆತು
ಬಿಸಿಲಿಗೂ ಮಳೆಗೂ ಒಂದೇ ನೀಲಿ ಟಾರ್ಪಾಲು.
ಅದರಡಿ ನಾನು, ನನ್ನ ಕಂಪ್ಯೂಟರು, ಛಾಪಾಕಾಗದದ ಕಟ್ಟು.
‘ಸತ್ಯಪ್ರಮಾಣ ಮಾಡಿ ಹೇಳುವುದೇನೆಂದರೆ’ —
ಇಪ್ಪತ್ತಾರು ವರ್ಷದಿಂದ ಎಷ್ಟೋ ಮಂದಿಯ ಸತ್ಯ
ನನ್ನ ಬೆರಳ ತುದಿಯಿಂದಲೇ ಶುರು.

ಅವತ್ತು ಬಂದವಳು ರಾಕ್ಕಮ್ಮ,
ಸಕಲೇಶಪುರದಾಚೆಯ ಎಸ್ಟೇಟಿನ ಲೈನುಮನೆಯವಳು.
ಬಿಸ್ಕತ್ತಿನ ಡಬ್ಬಿ ತೆರೆದು ಮೇಜಿನ ಮೇಲಿಟ್ಟಳು
ಲಂಕೆಯ ಪಾಸ್‌ಪೋರ್ಟು,
ಅವಳಿಗೂ ಓದಲು ಬಾರದ ಸಿಂಹಳದ ಅಕ್ಷರ.
‘ಇದನ್ನ ಬಿಡಬೇಕಂತೆ ಅಕ್ಕಾ.
ಬಿಟ್ಟೆ ಅಂತ ಆಣೆ ಮಾಡಬೇಕಂತೆ.
ಆಮೇಲೇ ಈ ಊರು ನಂದಂತೆ.’

ಇಂಗ್ಲಿಷಿನ ಮಾದರಿ ಮುಂದಿಟ್ಟುಕೊಂಡು ಕನ್ನಡ ಹುಡುಕಿದೆ.
ತ್ಯಜಿಸುತ್ತೇನೆ — ಅದು ಸನ್ಯಾಸಿಯ ಮಾತು,
ಇವಳಿಗೆ ಮೂರು ಮೊಮ್ಮಕ್ಕಳು.
ಬಿಡುತ್ತೇನೆ — ಹೊಗೆಸೊಪ್ಪಿಗಾದರೆ ಸರಿ.
ಹಂಗು ಹರಿದುಕೊಳ್ಳುತ್ತೇನೆ — ಸಾಹೇಬರು ಒಪ್ಪಲಿಕ್ಕಿಲ್ಲ.
ನಮ್ಮಜ್ಜಿಯ ಕಾಲಕ್ಕೆ ಕಡ್ಡಿ ಮುರಿದರೆ ನಂಟು ಮುಗಿಯುತ್ತಿತ್ತು,
ಈಗ ಕಡ್ಡಿಗೂ ನೋಟರಿ ಬೇಕು.
ಕೊನೆಗೆ ತೊರೆಯುತ್ತೇನೆ ಎಂದು ಒತ್ತಿದೆ.

ನೋಟರಿ ಪದ್ಮರಾಜಯ್ಯ ಎಲೆಯಡಿಕೆ ಉಗಿದು ಬಂದರು.
ಕೇಳದಿದ್ದರೂ ಹೇಳುವವರು.
‘ಒಂದು ಕಾಲಕ್ಕೆ ಬಿಡೋದಕ್ಕೇ ಆಗ್ತಿರಲಿಲ್ಲ ಕಣಮ್ಮ.
ಬಿಳಿ ದೊರೆಗಳ ಕಾನೂನಿನಲ್ಲಿ
ಹುಟ್ಟಿದ ಗಳಿಗೆಗೇ ನಿಷ್ಠೆ ಅಂಟುತ್ತಿತ್ತು ಮಚ್ಚೆಯ ಹಾಗೆ,
ಏಳು ಸಮುದ್ರದಲ್ಲಿ ಮಿಂದರೂ ಮಾಸದು.
ಸಾವಿರದೆಂಟುನೂರ ಎಪ್ಪತ್ತಕ್ಕೆ ಬಾಗಿಲು ತೆಗೆದರು:
ಹೋಗುವವರು ಬರೆದುಕೊಟ್ಟು ಹೋಗಿ.
ಅದಕ್ಕೂ ಹಿಂದೆ, ನಮ್ಮ ಹಳೇಬೀಡಿನಲ್ಲಿ —’

ಗೊತ್ತು. ಏಳನೇ ಕ್ಲಾಸಿನ ಪ್ರವಾಸ,
ಪುಳಿಯೋಗರೆಯ ಡಬ್ಬಿ, ಗರುಡಗಂಬ.
ಎಡಗಾಲಿಗೆ ತೊಡರು ತೊಟ್ಟು ಭಾಷೆ ಕೊಟ್ಟವರು,
ಒಡೆಯ ಹೋದ ದಿನ ತಾವೂ ಹೋಗುವವರು.
ಕಲ್ಲಿನಲ್ಲಿ ಒಬ್ಬ ತನ್ನ ಕೊರಳಿಗೆ ತಾನೇ
ಕತ್ತಿ ಹಿಡಿದು ನಿಂತಿದ್ದ.
‘ಬೇಡ ಅನ್ನಿಸಿದರೆ ತೊಡರು ಬಿಚ್ಚಬಹುದಾ ಮಿಸ್?’ ಎಂದು ಕೇಳಿದ್ದೆ.
ಮಿಸ್ಸು ಬಸ್ಸಿಗೆ ಹೊತ್ತಾಯಿತು ಎಂದರು.

ಈಗ ಕತ್ತಿಯ ಕೆಲಸ ಕತ್ತರಿಯದು.
ಪಾಸ್‌ಪೋರ್ಟಿನ ಮೂಲೆ ಕತ್ತರಿಸಿ ಕೊಡುತ್ತಾರೆ, ಅಷ್ಟೆ,
ಎಂದು ಧೈರ್ಯ ಹೇಳಹೋದೆ. ರಾಕ್ಕಮ್ಮ ನಕ್ಕಳು.

‘ನಮ್ಮ ತಾತನ್ನ ತೇಯಿಲೆ ತೋಟಕ್ಕೆ ಕರ್ಕೊಂಡು ಹೋದ್ರು.
ಬಿಳಿಯರು ಹೋದ ವರ್ಷವೇ
ನೀವು ನಮ್ಮವರಲ್ಲ ಅಂದ್ರು ಅಲ್ಲಿಯವರು.
ಅಪ್ಪ ಯಾರವನೂ ಅಲ್ಲದೆ ಸತ್ತ,
ನಾನು ಯಾರವಳೂ ಅಲ್ಲದೆ ಹುಟ್ಟಿದೆ.
ಈ ಪುಸ್ತಕ ಮಾಡಿಸಿದ್ದು ಹೋದ ವರ್ಷ, ಚೆನ್ನೈಗೆ ಮೂರು ಸಲ ಹೋಗಿ.
ಬಿಡೋಕೆ ಮೊದಲು ಇರಬೇಕಂತಲ್ಲ —
ಬಿಡೋಕೇ ಅಂತ ಕೊಂಡ್ಕೊಂಡೆ ಅಕ್ಕಾ.’

ನಾನೂ ಬಿಟ್ಟಿದ್ದೇನೆ ಒಮ್ಮೆ.
ಅಣ್ಣಂದಿರಿಗೆ ಹಕ್ಕು ಬಿಡುಗಡೆ ಪತ್ರ,
ನಾನೇ ಟೈಪು ಮಾಡಿ ನಾನೇ ಸಹಿ ಹಾಕಿದ್ದು.
ಅರಿಶಿನ ಕುಂಕುಮಕ್ಕೆಂದು ಐನೂರು, ಒಂದು ಸೀರೆ.
‘ಸ್ವಸಂತೋಷದಿಂದ’ ಎಂಬಲ್ಲಿ ಒಂದಕ್ಷರ ತಪ್ಪಾಗಿತ್ತು,
ಯಾರೂ ನೋಡಲಿಲ್ಲ.
ಇದನ್ನು ಅವಳಿಗೆ ಹೇಳಲಿಲ್ಲ. ಪ್ರಿಂಟು ಕೊಟ್ಟೆ.

ಗಟ್ಟಿಯಾಗಿ ಹೇಳಿಸದೆ
ಪದ್ಮರಾಜಯ್ಯ ಸೀಲು ಒತ್ತುವವರಲ್ಲ.
ನಾನು ಹೇಳಿಕೊಟ್ಟೆ, ಅವಳು ಹೇಳುತ್ತ ಬಂದಳು,
ಹೆಸರು, ಗಂಡನ ಹೆಸರು, ಹುಟ್ಟಿದ ಊರು.
ಅವಳ ತಮಿಳು ನಾಲಗೆಗೆ
ತಕಾರ ದಕಾರ ಒಂದೇ ಮನೆಯ ಮಕ್ಕಳು.
‘ತೊರೆಯುತ್ತೇನೆ’ ಎಂದೆ.
‘ದೊರೆಯುತ್ತೇನೆ’ ಎಂದಳು.
ಮತ್ತೊಮ್ಮೆ ಹೇಳಿಸಿದೆ.
‘ದೊರೆಯುತ್ತೇನೆ.’

ಪದ್ಮರಾಜಯ್ಯ ಕನ್ನಡಕದ ಮೇಲಿಂದ ನನ್ನ ನೋಡಿದರು.
ತಿದ್ದಲಿಲ್ಲ.
ಒಣಗಿದ ಸೀಲಿಗೆ ಬಾಯಿಂದ ಹಬೆ ಊದಿ ಒತ್ತಿದರು.

ರಾಕ್ಕಮ್ಮ ನೂರೈವತ್ತು ಎಣಿಸಿ ಕೊಟ್ಟು
ಎಲ್ಲವನ್ನೂ ಡಬ್ಬಿಗೆ ತುಂಬಿದಳು.
ಮುಚ್ಚಳ ಕೂರುತ್ತಿರಲಿಲ್ಲ,
ಮೊಣಕಾಲ ಮೇಲಿಟ್ಟು ಅಂಗೈಯಿಂದ ಗುದ್ದಿದಳು.